ಕೆಟ್ಟರೆ ಏನೇನು ಕೆಡುತ್ತದೆ?

ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಂದು ಈಗ ಎಲ್ಲೆಲ್ಲೂ ಕಾಣುತ್ತದೆ. ಮುಚ್ಚಳ ತೆಗೆದರೆ ಅಚ್ಚುಕಟ್ಟಾಗಿ ಜೋಡಿಸಿಟ್ಟ 46 ತುಂಡುಗಳು: ಒಂದು ರ್‍ಯಾಚೆಟ್ ಹಿಡಿ, 4ರಿಂದ 14 ಮಿ.ಮೀ.ವರೆಗಿನ ಸಾಕೆಟ್‌ಗಳು, ಉದ್ದ ಹೆಚ್ಚಿಸುವ ಕಡ್ಡಿಗಳು, ಬಗೆಬಗೆಯ ಸ್ಕ್ರೂಡ್ರೈವರ್ ಬಿಟ್‌ಗಳು. ಎಲ್ಲವೂ ಕನ್ನಡಿಯ ಹಾಗೆ ಹೊಳೆಯುತ್ತವೆ. ಆನ್‌ಲೈನಿನಲ್ಲೂ ಪೇಟೆಯ ಫುಟ್‌ಪಾತಿನಲ್ಲೂ ಇದರ ಬೆಲೆ 500 ರೂಪಾಯಿ ಆಸುಪಾಸು. ಲೆಕ್ಕ ಹಾಕಿದರೆ ತುಂಡಿಗೆ 11 ರೂಪಾಯಿ. ಹೋಟೆಲಿನ ಒಂದು ಕಾಫಿಗೂ ಸಾಲದ ದುಡ್ಡು. ಇದನ್ನು ಕಂಡ ಮೆಕ್ಯಾನಿಕ್ ಮೂಗು ಮುರಿಯುತ್ತಾನೆ. ಮನೆಯ ಯಜಮಾನ ‘ನಮಗೆ ಇಷ್ಟು ಸಾಕು’ ಎಂದು ಕೊಂಡು ತರುತ್ತಾನೆ. ಯಾರು ಸರಿ? ಇಬ್ಬರೂ ಮಾತಾಡುತ್ತಿರುವುದು ಉಪಕರಣದ ಬೆಲೆಯನ್ನು ಕುರಿತು, ಅದರ ಗುಣವನ್ನು ಕುರಿತು. ಆದರೆ ಕೊಳ್ಳುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಇದು ಕೈಕೊಟ್ಟ ದಿನ ಇದರ ಜೊತೆಗೆ ಇನ್ನೇನು ಕೆಡುತ್ತದೆ? ಉಪಕರಣ ಮಾತ್ರ ಕೆಡುವುದಾದರೆ ಅಗ್ಗದ್ದನ್ನು ಕೊಳ್ಳುವುದೇ ಜಾಣತನ. ತಿರುಪಿನ ತಲೆ, ಬೈಕಿನ ಇಂಜಿನ್ನಿನ ಬೋಲ್ಟು, ಒಂದು ದಿನದ ಕೂಲಿ, ಒಂದು ಕಣ್ಣು ಕೂಡ ಅದರೊಂದಿಗೆ ಹೋಗುವುದಾದರೆ ಐನೂರು ರೂಪಾಯಿ ಉಳಿಸಿದ್ದು ಉಳಿತಾಯವಾಗದು.

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಅಗ್ಗದ ಉಪಕರಣ ಯಾತಕ್ಕೆ ಅಗ್ಗ ಎಂಬುದು ತಿಳಿದಿರಬೇಕು. ಎಂಟಿಂಚಿನ ಕಟಿಂಗ್ ಪ್ಲೈಯರ್ ಒಂದರಲ್ಲಿರುವುದು ಕಾಲು ಕೆ.ಜಿ. ಆಸುಪಾಸಿನ ಉಕ್ಕು. ಅಷ್ಟು ಉಕ್ಕಿನ ಬೆಲೆ ದೊಡ್ಡದೇನಲ್ಲ. ದುಡ್ಡು ಖರ್ಚಾಗುವುದು ಆ ಉಕ್ಕಿಗೆ ಹದ ಹಾಕುವುದರಲ್ಲಿ. ಒಳ್ಳೆಯ ಸ್ಪ್ಯಾನರಿನ ಮೈಮೇಲೆ ಕ್ರೋಮ್ ವೆನೇಡಿಯಂ ಎಂದು ಕೆತ್ತಿರುತ್ತಾರೆ, ಉಕ್ಕಿಗೆ ಶೇ. 1ರಷ್ಟು ಕ್ರೋಮಿಯಂ, ಚಿಟಿಕೆಯಷ್ಟು ವೆನೇಡಿಯಂ ಬೆರೆತಿದೆ ಎಂದು ಅದರ ಅರ್ಥ. ಆ ಅಕ್ಷರ ಕೆತ್ತುವುದಕ್ಕೆ ಏನೂ ಖರ್ಚಿಲ್ಲ, ಹಾಗಾಗಿ ಅದು ಎಲ್ಲದರ ಮೇಲೂ ಇರುತ್ತದೆ. ಒಳಗೆ ನಿಜವಾಗಿ ಅದೇ ಉಕ್ಕು ಇದ್ದರೂ ಅಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ಅದನ್ನು 850 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ, ಆದರೆ ಗಾಜಿನಂತೆ ಪೆಡಸಾಗುತ್ತದೆ. ಆಮೇಲೆ ಮತ್ತೆ ಕಡಿಮೆ ಶಾಖದಲ್ಲಿ ಹೊತ್ತು ನೋಡಿ ಕಾಯಿಸಿ ಸ್ವಲ್ಪ ಗಟ್ಟಿತನ ಬಿಟ್ಟುಕೊಟ್ಟು ತಾಳಿಕೆ ಪಡೆಯಬೇಕು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಬಡಿಯುವ ಹಳ್ಳಿಯ ಕಮ್ಮಾರನಿಗೆ ಇದು ಹೊಸ ವಿದ್ಯೆಯಲ್ಲ. ಉಜ್ಜಿದ ಅಲಗಿನ ಮೇಲೆ ಒಣಹುಲ್ಲಿನ ಹಳದಿ ಬಣ್ಣ ಹತ್ತಿ ನೀಲಿಗೆ ತಿರುಗುವುದನ್ನು ನೋಡುತ್ತ ಅವನು ಹದ ಹಿಡಿಯುತ್ತಾನೆ. ನಮ್ಮ ಸೀಮೆಗೆ ಇದರಲ್ಲಿ ಹಳೆಯ ಹೆಸರಿದೆ: ಇಂಗ್ಲಿಷಿನ ‘ವೂಟ್ಜ್’ ಕನ್ನಡದ ‘ಉಕ್ಕು’ ಎಂಬ ಮಾತೇ ಕೆಟ್ಟು ಆದದ್ದು ಎಂಬುದು ಬಹುಮಂದಿ ವಿದ್ವಾಂಸರ ಮತ, 1800-01ರಲ್ಲಿ ಮೈಸೂರು ರಾಜ್ಯ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆ ಉಕ್ಕು ಮಾಡುತ್ತಿದ್ದ ರೀತಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಇರಲಿ. ಕಾರ್ಖಾನೆಯಲ್ಲಿ ಈ ಹದಕ್ಕೆ ಒಲೆ ಬೇಕು, ಸಮಯ ಬೇಕು, ಪ್ರತಿ ಕಂತಿನಲ್ಲೂ ನಾಲ್ಕಾರು ತುಂಡು ತೆಗೆದು ಗಡಸುತನ ಅಳೆಯುವ ಮನುಷ್ಯ ಬೇಕು, ಹದ ತಪ್ಪಿದ್ದನ್ನು ಗುಜರಿಗೆ ಎಸೆಯುವ ಮನಸ್ಸು ಬೇಕು. ರಿಯಾಯಿತಿ ಮಾಲಿನಲ್ಲಿ ಕತ್ತರಿ ಬೀಳುವುದು ಇಲ್ಲಿಗೇ. ಹೊಳಪಿನ ಲೇಪನಕ್ಕೆ ಕತ್ತರಿ ಬೀಳುವುದಿಲ್ಲ, ಏಕೆಂದರೆ ಗಿರಾಕಿಯ ಕಣ್ಣಿಗೆ ಕಾಣುವುದು ಅದೊಂದೇ.

ಹದ ತಪ್ಪಿದ ಸ್ಕ್ರೂಡ್ರೈವರ್ ಮುರಿದುಬಿದ್ದರೆ ಪುಣ್ಯ. ಅದು ಮುರಿಯುವುದಿಲ್ಲ, ಸವೆಯುತ್ತದೆ. ಪ್ಲಸ್ ಗುರುತಿನ ತಿರುಪಿನ ಸೀಳಿನ ಪಕ್ಕೆಗಳು ಇಳಿಜಾರಾಗಿರುತ್ತವೆ. ಒತ್ತಿ ತಿರುಗಿಸದಿದ್ದರೆ ಒಳ್ಳೆಯ ಸ್ಕ್ರೂಡ್ರೈವರಿನ ತುದಿಯೂ ಮೇಲಕ್ಕೆ ಜಾರುತ್ತದೆ. ತುದಿ ಮೆತ್ತಗಿದ್ದರೆ ಮೂರನೆಯ ತಿರುಪಿಗೇ ಅದರ ಮೂಲೆಗಳು ಉರುಟಾಗುತ್ತವೆ, ನಾಲ್ಕನೆಯದರ ತಲೆಯನ್ನು ಅದು ಕೆರೆದು ಬೋಳು ಮಾಡುತ್ತದೆ. ತಲೆ ಬೋಳಾದ ತಿರುಪು ತುಕ್ಕು ಹಿಡಿದ ಬಾಗಿಲ ಕೀಲಿನಲ್ಲಿದ್ದರೆ ಬಡಗಿಯನ್ನು ಕರೆಸಬೇಕು, ಇಂಜಿನ್ನಿನಲ್ಲಿದ್ದರೆ ಲೇತ್ ಅಂಗಡಿಗೆ ಹೋಗಬೇಕು. ಸ್ಪ್ಯಾನರಿನ ಕಥೆಯೂ ಇದೇ. ನಟ್ಟಿಗೆ ಆರು ಮೂಲೆ. ಬಾಯಿ ಒಂದಿಷ್ಟು ಅಗಲವಾಗಿದ್ದರೂ ಬಲವೆಲ್ಲ ಮೂಲೆಗಳ ಮೇಲೆ ಬಿದ್ದು ಅವು ನುಣ್ಣಗಾಗುತ್ತವೆ. ಮೆತ್ತಗಿನ ಸ್ಪ್ಯಾನರಿನ ಬಾಯಿ ಪ್ರತಿ ಸಲವೂ ಕೂದಲೆಳೆಯಷ್ಟು ತೆರೆಯುತ್ತ ಹೋಗುತ್ತದೆ. ಹೀಗೆ ಅಗ್ಗದ ಉಪಕರಣದ ನಿಜವಾದ ಬೆಲೆ ಅಂಗಡಿಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಅದನ್ನು ವಸೂಲು ಮಾಡುವವರು ಲೇತ್ ಅಂಗಡಿಯವರು.

ಆದರೆ ಎಲ್ಲ ಉಪಕರಣವೂ ಹೀಗೆ ತನ್ನೊಂದಿಗೆ ಇನ್ನೊಂದನ್ನು ಎಳೆದುಕೊಂಡು ಹೋಗುವುದಿಲ್ಲ. ಬಣ್ಣ ಕೆರೆಯುವ ಪಟ್ಟಿ, ವರ್ಷಕ್ಕೊಮ್ಮೆ ತೇಪೆ ಹಾಕಲು ಬೇಕಾಗುವ ಕರಣೆ, ಅಂಟು ಒಣಗುವವರೆಗೆ ಎರಡು ಹಲಗೆ ಒತ್ತಿ ಹಿಡಿಯುವ ಸಿ ಕ್ಲ್ಯಾಂಪ್, ಉಪಕರಣ ತುಂಬಿಡುವ ಪೆಟ್ಟಿಗೆ, ಪೇಂಟಿನ ರೋಲರಿನ ಹಿಡಿ. ಇವು ಕೆಟ್ಟರೆ ಇವಷ್ಟೇ ಕೆಡುತ್ತವೆ. ಇಲ್ಲಿ ದುಬಾರಿ ಹೆಸರಿಗೆ ದುಡ್ಡು ಸುರಿಯುವುದು ಮೂಗಿಗಿಂತ ಮೂಗುತಿ ಭಾರ ಮಾಡಿಕೊಂಡಂತೆ. ಇನ್ನೂ ಸೊಗಸಾದ ಒಂದು ನಡುದಾರಿ ಇದೆ. ಅನೇಕ ಉಪಕರಣಗಳಲ್ಲಿ ಕೆಲಸ ಮಾಡುವ ತುದಿ ಬೇರೆ, ಅದನ್ನು ಹಿಡಿದಿರುವ ಮೈ ಬೇರೆ. ಹ್ಯಾಕ್ಸಾದ ಚೌಕಟ್ಟು ಅಗ್ಗದ್ದಾದರೆ ಅಡ್ಡಿಯಿಲ್ಲ, ಬ್ಲೇಡು ಒಳ್ಳೆಯದಿರಲಿ. ಡ್ರಿಲ್ ಮಷೀನಿಗೂ ಇದೇ ಮಾತು. ಒಳ್ಳೆಯ ಡ್ರಿಲ್ ಬಿಟ್‌ಗಳನ್ನು ಮಾಡುವ ಹೈಸ್ಪೀಡ್ ಸ್ಟೀಲಿನಲ್ಲಿ ಟಂಗ್‌ಸ್ಟನ್, ಮಾಲಿಬ್ಡಿನಂ ಬೆರೆತಿರುತ್ತವೆ. 600 ಡಿಗ್ರಿ ಮುಟ್ಟುವವರೆಗೂ ಅದು ತನ್ನ ಗಡಸುತನ ಬಿಡದು. ಸಾದಾ ಉಕ್ಕಿನ ಬಿಟ್ಟು ಅದರ ಅರ್ಧ ಶಾಖಕ್ಕೂ ಮೊದಲೇ ಹದ ಕಳೆದುಕೊಳ್ಳುತ್ತದೆ. ಆಮೇಲೆ ಅದು ಕೊರೆಯುವುದಿಲ್ಲ, ಉಜ್ಜುತ್ತದೆ; ಉಜ್ಜಿದಷ್ಟೂ ಬಿಸಿ, ಬಿಸಿಯಾದಷ್ಟೂ ಮೆತ್ತಗೆ. ಚಿನ್ನದ ಬಣ್ಣ ಬಳಿದ 13 ಬಿಟ್ಟುಗಳ ಪೊಟ್ಟಣ ಹಲವು ವೇಳೆ ಈ ಜಾತಿಯದೇ. ಸಾಧಾರಣ ಮಷೀನಿಗೆ ಉತ್ತಮ ಬಿಟ್ ಸಿಕ್ಕಿಸಿದರೆ ತೂತು ಸರಿಯಾಗಿ ಬೀಳುತ್ತದೆ. ಉತ್ತಮ ಮಷೀನಿಗೆ ಕೆಟ್ಟ ಬಿಟ್ ಸಿಕ್ಕಿಸಿದರೆ ಹೊಗೆ ಬರುತ್ತದೆ.

ಇಲ್ಲಿ ನಮ್ಮ ದೇಶದ ಮಾರುಕಟ್ಟೆಯ ಒಂದು ವಿಶೇಷ ಹೇಳಬೇಕು. ಅಮೆರಿಕ, ಯುರೋಪಿನವರು ಅಗ್ಗದ ಉಪಕರಣದ ಬಗ್ಗೆ ವಾದ ಮಾಡುವಾಗ ಒಂದು ತುದಿಯಲ್ಲಿ ರಿಯಾಯಿತಿ ಮಳಿಗೆಯ ಮಾಲು, ಇನ್ನೊಂದು ತುದಿಯಲ್ಲಿ ಅದರ ಹತ್ತು ಪಟ್ಟು ಬೆಲೆಯ ಹೆಸರಾಂತ ಮಾಲು ಇರುತ್ತದೆ. ನಮ್ಮಲ್ಲಿ ಕೈ ಉಪಕರಣಗಳ ಮಟ್ಟಿಗೆ ಈ ಕಂದರ ಅಷ್ಟು ಆಳವಾಗಿಲ್ಲ. ತಪಾರಿಯಾ ಸಂಸ್ಥೆ 1969ರಲ್ಲಿ ಸ್ವೀಡನ್ನಿನ ಬಾಕೋ ಕಂಪನಿಯ ತಾಂತ್ರಿಕ ಸಹಯೋಗದಲ್ಲಿ ಕೈ ಉಪಕರಣ ತಯಾರಿಕೆಗೆ ಇಳಿಯಿತು. ಅದರ ಕಾರ್ಖಾನೆ ನಾಸಿಕದಲ್ಲಿದೆ. ಪಂಜಾಬಿನ ಜಲಂಧರ್, ಲುಧಿಯಾನಗಳಲ್ಲಿ, ರಾಜಸ್ಥಾನದ ನಾಗೌರಿನಲ್ಲಿ ಸಣ್ಣ ದೊಡ್ಡ ಕಾರ್ಖಾನೆಗಳು ಸ್ಪ್ಯಾನರ್, ಸುತ್ತಿಗೆ, ಇಕ್ಕಳಗಳನ್ನು ಮಾಡಿ ಹೊರದೇಶಗಳಿಗೂ ಕಳಿಸುತ್ತವೆ. ಈ ಉದ್ಯಮಕ್ಕೆ ನೆರವಾಗಲೆಂದೇ ಕೇಂದ್ರ ಸರ್ಕಾರ 1983ರಲ್ಲಿ ಜಲಂಧರಿನಲ್ಲಿ ಕೇಂದ್ರೀಯ ಕೈ ಉಪಕರಣ ಸಂಸ್ಥೆಯನ್ನು ತೆರೆಯಿತು. ಇದರ ಫಲವೆಂದರೆ, ಹೆಸರಿಲ್ಲದ ಪ್ಲೈಯರ್ ನೂರು ನೂರಿಪ್ಪತ್ತಕ್ಕೆ ಸಿಕ್ಕರೆ, ಹತ್ತಿಪ್ಪತ್ತು ವರ್ಷ ಬಾಳುವ ಹೆಸರಿರುವ ಭಾರತೀಯ ಪ್ಲೈಯರ್ ಮುನ್ನೂರರ ಆಸುಪಾಸಿಗೆ ಸಿಗುತ್ತದೆ. ಇನ್ನೂರು ರೂಪಾಯಿ ವ್ಯತ್ಯಾಸ. ಮೆಟ್ಟಿಲ ಮೇಲಿನ ತುದಿಗೆ, ಅಂದರೆ ಜರ್ಮನ್ ಅಥವಾ ಜಪಾನಿ ಮಾಲಿಗೆ ಏರುವ ಅಗತ್ಯ ದಿನವಿಡೀ ಅದೇ ಕೆಲಸ ಮಾಡುವವರಿಗೆ ಮಾತ್ರ. ತೀರ ಕೆಳಗಿನ ಮೆಟ್ಟಿಲಲ್ಲಿ ನಿಲ್ಲುವುದಕ್ಕೆ ಮಾತ್ರ, ಪ್ಲೈಯರ್, ಸ್ಪ್ಯಾನರಿನಂಥ ಕೈ ಉಪಕರಣಗಳ ವಿಷಯದಲ್ಲಿ, ಯಾರಿಗೂ ಗಟ್ಟಿ ಕಾರಣವಿಲ್ಲ.

‘ಎಲ್ಲ ಒಂದೇ ಕಾರ್ಖಾನೆಯದ್ದು ಸ್ವಾಮಿ, ಮೇಲಿನ ಹೆಸರು ಮಾತ್ರ ಬೇರೆ’ ಎಂಬ ಮಾತು ಹಾರ್ಡ್‌ವೇರ್ ಅಂಗಡಿಗಳಲ್ಲಿ ಆಗಾಗ ಕೇಳಿಬರುತ್ತದೆ. ಇದರಲ್ಲಿ ಸುಳ್ಳಿಲ್ಲ. ಒಂದೇ ಕಾರ್ಖಾನೆ ಹತ್ತು ಹೆಸರುಗಳಿಗೆ ಮಾಲು ಮಾಡಿಕೊಡುವುದು ಜಗತ್ತಿನೆಲ್ಲೆಡೆ ನಡೆಯುವ ವ್ಯಾಪಾರ. ಆದರೆ ಒಂದೇ ಅಡುಗೆಮನೆಯಿಂದ ಮದುವೆ ಊಟವೂ ಬರುತ್ತದೆ, ಆಳುಗಳ ಗಂಜಿಯೂ ಬರುತ್ತದೆ. ಹೆಸರಿರುವ ಕಂಪನಿ ತನ್ನ ಕರಾರಿನಲ್ಲಿ ಉಕ್ಕಿನ ಜಾತಿ ಇಂಥದ್ದು, ಗಡಸುತನ ಇಷ್ಟರಿಂದ ಇಷ್ಟರೊಳಗೆ, ಬಾಯಿಯ ಅಳತೆಯಲ್ಲಿ ಇಷ್ಟಕ್ಕಿಂತ ಹೆಚ್ಚು ತಪ್ಪು ಬರಕೂಡದು ಎಂದು ಬರೆಸಿ, ಮಾಲು ಬಂದಾಗ ಅಳೆದು, ತಪ್ಪಿದ್ದನ್ನು ಹಿಂದಕ್ಕೆ ಕಳಿಸುತ್ತದೆ. ಹಿಂದಕ್ಕೆ ಬಂದ ಆ ಮಾಲು ಎಲ್ಲಿಗೆ ಹೋಗುತ್ತದೆ ಎಂದು ಊಹಿಸಲು ಬಹಳ ಬುದ್ಧಿ ಬೇಡ. ಹಾಗಾಗಿ ಅಗ್ಗದ ಡಬ್ಬಿಯಲ್ಲಿ ಅಪರೂಪಕ್ಕೆ ಒಳ್ಳೆಯ ತುಂಡೂ ಸಿಗುತ್ತದೆ. ನೆರೆಯವನ ಡಬ್ಬಿ ಐದು ವರ್ಷ ಬಂತು, ನಿಮ್ಮದು ಐದು ವಾರಕ್ಕೆ ಹೋಯಿತು ಎಂದರೆ ಇಬ್ಬರ ಮಾತೂ ನಿಜವೇ. ಕಡಿಮೆ ಬೆಲೆಗೆ ನಾವು ಕೊಳ್ಳುತ್ತಿರುವುದು ಹೆಚ್ಚಿನ ಏರುಪೇರನ್ನು.

ವಿದ್ಯುತ್ ಉಪಕರಣಗಳಿಗೆ ಬಂದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಏಕೆಂದರೆ ಇಲ್ಲಿ ರಿಪೇರಿ ಎಂಬ ಇನ್ನೊಂದು ಸಂಗತಿ ಸೇರುತ್ತದೆ. ಡ್ರಿಲ್ ಆಗಲಿ ಗ್ರೈಂಡರ್ ಆಗಲಿ, ಯಾವ ಕಂಪನಿಯದ್ದಾದರೂ ಅದರ ಕಾರ್ಬನ್ ಬ್ರಷ್ ಸವೆಯುತ್ತದೆ, ಬೇರಿಂಗ್ ಸದ್ದು ಮಾಡತೊಡಗುತ್ತದೆ, ಒಂದಲ್ಲ ಒಂದು ದಿನ ಆರ್ಮೇಚರ್ ಸುಡುತ್ತದೆ. ಹೆಸರಿರುವ ಮಷೀನಿಗೆ ಇವೆಲ್ಲ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತವೆ. ಕಾರ್ಬನ್ ಜೋಡಿಗೆ ನೂರರೊಳಗೆ ಕೆಲಸ ಮುಗಿದು ಮಷೀನು ಮತ್ತೆ ನಾಲ್ಕು ವರ್ಷ ಓಡುತ್ತದೆ. ಆನ್‌ಲೈನಿನಲ್ಲಿ ಮೂರು ತಿಂಗಳಿಗೊಮ್ಮೆ ಹೆಸರು ಬದಲಿಸುವ ಮಷೀನಿಗೆ ಅದೇ ಅಳತೆಯ ಕಾರ್ಬನ್ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಒಳಗಿನ ಸುತ್ತು ತಾಮ್ರದ್ದೋ ಅಲ್ಯೂಮಿನಿಯಮ್ಮಿನದ್ದೋ ಎಂಬುದೂ ಹೊರಗೆ ತಿಳಿಯದು. ಅಲ್ಯೂಮಿನಿಯಂ ತಾಮ್ರದ ಶೇ. 60ರಷ್ಟೇ ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಅದೇ ಗಾತ್ರದ ತಂತಿಯಲ್ಲಿ ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಬ್ಯಾಟರಿ ಡ್ರಿಲ್ಲಿನ ಮೈಮೇಲಿನ ಅಂಕಿಗಳಂತೂ ಒಂದು ತಮಾಷೆ. ಐದು ಲಿಥಿಯಂ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಪೂರ್ತಿ ಚಾರ್ಜಿನಲ್ಲಿ 21 ವೋಲ್ಟ್, ಸರಾಸರಿಯಲ್ಲಿ 18 ವೋಲ್ಟ್ ಬರುತ್ತದೆ. ಅದೇ ಐದು ಸೆಲ್ಲಿನ ಡ್ರಿಲ್ಲಿಗೆ 48 ಎಂದೂ 88 ಎಂದೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ, ಪಕ್ಕದಲ್ಲಿ ವೋಲ್ಟ್ ಎಂದು ತೋರುವ ಹಾಗೆ ಎರಡು ಅಕ್ಷರ ಸೇರಿಸುತ್ತಾರೆ. ಕೇಳಿದರೆ ಅದು ಮಾಡೆಲ್ ನಂಬರು. ಇಷ್ಟಾದರೂ, ಮನೆಯ ಗೋಡೆಗೆ ವರ್ಷದಲ್ಲಿ ಹತ್ತು ತೂತು ಕೊರೆಯುವವನಿಗೆ ಎರಡು ಸಾವಿರದೊಳಗಿನ ವೈರಿನ ಡ್ರಿಲ್ ಸಾಕು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಅದು ಸುಟ್ಟರೆ ಕ್ಯಾಲೆಂಡರ್ ಒಂದು ವಾರ ತಡವಾಗಿ ತೂಗುತ್ತದೆ, ಅಷ್ಟೇ.

ಡ್ರಿಲ್ಲಿಗೆ ಕೊಟ್ಟ ಈ ರಿಯಾಯಿತಿಯನ್ನು ಗ್ರೈಂಡರಿಗೆ ಕೊಡಲಾಗದು. ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. 100 ಮಿ.ಮೀ. ಅಗಲದ ಡಿಸ್ಕಿನ ಅಂಚು ಆಗ ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಡಿಸ್ಕಿನ ಮೇಲೆ ಸೆಕೆಂಡಿಗೆ 80 ಮೀಟರ್ ಎಂಬ ಮಿತಿ ಅಚ್ಚಾಗಿರುತ್ತದೆ, ಅಂದರೆ ಈ ಗಾತ್ರದಲ್ಲಿ ನಿಮಿಷಕ್ಕೆ 15,000 ಸುತ್ತಿನ ಆಚೀಚೆ. ಈ ಅಂಕಿಯ ಹಿಂದೆ ಪರೀಕ್ಷೆ ಇದೆಯೋ ಬರಿಯ ಮುದ್ರಣ ಇದೆಯೋ ಎಂಬುದರ ಮೇಲೆ ಕಣ್ಣು ಉಳಿಯುವುದು ನಿಂತಿದೆ. ಹತ್ತು ರೂಪಾಯಿ ಉಳಿಸಿ ತಂದ ಡಿಸ್ಕ್ ಸಿಡಿದಾಗ ಕೆಡುವುದು ಡಿಸ್ಕ್ ಒಂದೇ ಅಲ್ಲ. ಗಾರ್ಡ್ ಕಳಚಿಟ್ಟು ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡು ಸಿಕ್ಕಿಸುವ ನಮ್ಮ ಬಡಗಿಗಳ ಅಭ್ಯಾಸಕ್ಕೆ ದುಬಾರಿ ಮಷೀನೂ ಪರಿಹಾರವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಅಮೆರಿಕದಲ್ಲಿ 1977ರಲ್ಲಿ ಶುರುವಾದ ಹಾರ್ಬರ್ ಫ್ರೈಟ್ ಎಂಬ ರಿಯಾಯಿತಿ ಉಪಕರಣಗಳ ಮಳಿಗೆ ಸರಣಿ ಇದೆ. ಅಗ್ಗದ ಉಪಕರಣವೆಂದರೆ ಅಲ್ಲಿಯವರಿಗೆ ಮೊದಲು ನೆನಪಾಗುವ ಹೆಸರು. 2020ರಲ್ಲಿ ಅದು ಕಾರಿನಡಿ ಆನಿಸುವ 3 ಟನ್ ಮತ್ತು 6 ಟನ್ನಿನ ಜ್ಯಾಕ್ ಸ್ಟ್ಯಾಂಡ್‌ಗಳನ್ನು, ಒಟ್ಟು ಸುಮಾರು 17 ಲಕ್ಷ, ಗಿರಾಕಿಗಳಿಂದ ಹಿಂದಕ್ಕೆ ಕರೆಯಬೇಕಾಯಿತು. ತಯಾರಿಕೆಯ ಅಚ್ಚುಗಳು ಸವೆದು ಹಲ್ಲುಗಳು ಪೂರ್ತಿ ಕಚ್ಚಿಕೊಳ್ಳದೆ ಹೊರೆ ಇದ್ದಕ್ಕಿದ್ದಂತೆ ಕುಸಿಯಬಹುದು ಎಂಬುದು ಕಾರಣ. ಬದಲಿಗೆ ಕೊಟ್ಟ ಸ್ಟ್ಯಾಂಡ್‌ಗಳಲ್ಲೂ ಕೆಲವಕ್ಕೆ ಬೆಸುಗೆಯ ದೋಷ ಕಂಡು ಅವನ್ನೂ ಹಿಂದಕ್ಕೆ ಕರೆದರು. ಅದೇ ಮಳಿಗೆಯ ಸುತ್ತಿಗೆ, ಕ್ಲ್ಯಾಂಪು, ಪೆಟ್ಟಿಗೆಗಳನ್ನು ಹೊಗಳುವ ಕುಶಲಕರ್ಮಿಗಳು ಅಲ್ಲಿ ಬಹಳ ಮಂದಿ ಇದ್ದಾರೆ, ಅವರು ಹೇಳುವುದೂ ಸುಳ್ಳಲ್ಲ. ಕ್ಲ್ಯಾಂಪು ಸಡಿಲವಾದರೆ ಹಲಗೆ ಅಂಟುವುದಿಲ್ಲ. ಸ್ಟ್ಯಾಂಡು ಸಡಿಲವಾದರೆ ಕೆಳಗೆ ಮಲಗಿರುವವನ ಎದೆಯ ಮೇಲೆ ಕಾರು ಕೂರುತ್ತದೆ. ಮತ್ತೆ, ಅಲ್ಲಿ ಹಿಂದಕ್ಕೆ ಕರೆಯುವವರಾದರೂ ಇದ್ದರು. ಫುಟ್‌ಪಾತಿನಲ್ಲಿ ಕೊಂಡ ಜ್ಯಾಕನ್ನು ಹಿಂದಕ್ಕೆ ಕರೆಯುವವರು ಯಾರು?

ಇದಕ್ಕಿಂತ ಮನೆಗೆ ಹತ್ತಿರದ ಉದಾಹರಣೆ ಇಪ್ಪತ್ತು ಮೂವತ್ತು ರೂಪಾಯಿಯ ಕರೆಂಟ್ ಟೆಸ್ಟರ್. ಅದರ ಹಿಡಿಯೊಳಗೆ ಒಂದು ಪುಟ್ಟ ನಿಯಾನ್ ದೀಪ, ಅದಕ್ಕೆ ಸಾಲಾಗಿ ಹತ್ತು ಲಕ್ಷ ಓಮಿನ ಆಸುಪಾಸಿನ ಒಂದು ರೆಸಿಸ್ಟರ್. ದೀಪ ಉರಿಯುವುದು ನಮ್ಮ ಮೈಯ ಮೂಲಕ ಹರಿಯುವ ವಿದ್ಯುತ್ತಿನಿಂದಲೇ. ಆ ರೆಸಿಸ್ಟರ್ ತಡೆಯುವುದರಿಂದ 230 ವೋಲ್ಟ್ ಇದ್ದರೂ ಮಿಲಿ ಆಂಪಿಯರಿನ ಕಾಲು ಭಾಗ ಮಾತ್ರ ಹರಿದು ನಮಗೆ ಗೊತ್ತೇ ಆಗುವುದಿಲ್ಲ. ಆ ಕಾಳಿನ ಗಾತ್ರದ ವಸ್ತು ಕಳಪೆಯಾಗಿದ್ದರೆ ನಮಗೂ ಲೈನಿಗೂ ನಡುವೆ ಬೇರೇನೂ ಇಲ್ಲ. ದೀಪ ಮಾತ್ರ ಕೆಟ್ಟಿದ್ದರೆ ಇನ್ನೊಂದು ಬಗೆಯ ಅಪಾಯ: ಕರೆಂಟ್ ಇದ್ದರೂ ಇಲ್ಲ ಎನ್ನುತ್ತದೆ. ಇನ್ನೂರು ರೂಪಾಯಿಯ ಹಳದಿ ಮಲ್ಟಿಮೀಟರಿನ 10 ಆಂಪಿಯರ್ ತೂತಿನ ಪಕ್ಕದಲ್ಲಿ ಫ್ಯೂಸ್ ಇಲ್ಲ ಎಂದು ಇಂಗ್ಲಿಷಿನಲ್ಲಿ ಅದೇ ಬರೆದುಕೊಂಡಿರುತ್ತದೆ. ಬ್ಯಾಟರಿ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಸಾಧನ ಬೇಡ. ಆದರೆ ಅದೇ ಮೀಟರನ್ನು ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ, 415 ವೋಲ್ಟಿನ ತ್ರೀ ಫೇಸ್ ಲೈನಿನ ಮೇಲೆ ಇಡಬಾರದು. ಅಂಥ ಜಾಗಕ್ಕೆಂದೇ ಮೀಟರ್‌ಗಳ ಮೇಲೆ ಕ್ಯಾಟ್ 3 ಎಂಬಂಥ ದರ್ಜೆ ನಮೂದಿಸುತ್ತಾರೆ. ಪ್ಲೈಯರಿನ ಹಿಡಿಗೆ ಕೆಂಪು ಪ್ಲಾಸ್ಟಿಕ್ ತೊಡಿಸಿದ ಮಾತ್ರಕ್ಕೆ ಅದು ಕರೆಂಟ್ ಕೆಲಸದ ಪ್ಲೈಯರ್ ಆಗುವುದಿಲ್ಲ. 1000 ವೋಲ್ಟ್ ಪರೀಕ್ಷೆಯ ಗುರುತಿಲ್ಲದಿದ್ದರೆ ಆ ಕೆಂಪು ಬರಿಯ ಬಣ್ಣ.

ಇಷ್ಟು ಹೇಳಿದ ಮೇಲೆ ಎದುರು ಮಾತು ಬರುವುದು ನ್ಯಾಯವೇ. ಮೊದಲನೆಯದು ಬಡವನ ಮಾತು. ದಿನಗೂಲಿಯಲ್ಲಿ ಬದುಕುವ ಗಾರೆ ಕೆಲಸದವನಿಗೆ ಇನ್ನೂರು ರೂಪಾಯಿಯ ವ್ಯತ್ಯಾಸ ಸಣ್ಣದಲ್ಲ. ಒಳ್ಳೆಯದನ್ನೇ ಕೊಳ್ಳಿ ಎಂದು ಪತ್ರಿಕೆಯಲ್ಲಿ ಬರೆಯುವುದು ಸುಲಭ. ಈ ಮಾತಿನಲ್ಲಿ ಹುರುಳಿದೆ. ಆದರೆ ಅವನ ಪರಿಸ್ಥಿತಿಯನ್ನೇ ಸರಿಯಾಗಿ ನೋಡಿದರೆ ಉಪಕರಣ ಕೆಟ್ಟಾಗ ಅತಿ ಹೆಚ್ಚು ಕಳೆದುಕೊಳ್ಳುವವನು ಅವನೇ. ಮನೆಯೊಡೆಯನ ರಸಮಟ್ಟ ತಪ್ಪಿದರೆ ಷೆಲ್ಫು ಓರೆಯಾಗುತ್ತದೆ, ಮೇಸ್ತ್ರಿಯ ರಸಮಟ್ಟ ತಪ್ಪಿದರೆ ಗೋಡೆ ಒಡೆದು ಮತ್ತೆ ಕಟ್ಟಬೇಕು, ಅದೂ ತನ್ನ ಖರ್ಚಿನಲ್ಲಿ. ಅವನು ಮಾಡಬಹುದಾದ್ದು ಕಡಿಮೆ ಉಪಕರಣ ಕೊಳ್ಳುವುದು: ಅನ್ನ ಕೊಡುವ ಮೂರು ನಾಲ್ಕನ್ನು ಒಳ್ಳೆಯದು, ಉಳಿದದ್ದು ಅಗ್ಗದ್ದು ಅಥವಾ ಕೈಬದಲು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳವರಿಗೆ ಉಪಕರಣ ಕೊಳ್ಳಲು 15,000 ರೂಪಾಯಿವರೆಗೆ ವೋಚರ್ ಕೊಡುತ್ತದೆ. ಬಡಗಿ, ಕಮ್ಮಾರ, ಗಾರೆ ಕೆಲಸದವರು ಅದರಲ್ಲಿದ್ದಾರೆ, ಸುತ್ತಿಗೆ ಮತ್ತು ಉಪಕರಣ ತಯಾರಿಸುವವರೂ ಇದ್ದಾರೆ. ಆ ಹಣದಲ್ಲಿ ನಲವತ್ತು ತುಂಡಿನ ಪೆಟ್ಟಿಗೆ ತರುವುದೋ ನಾಲ್ಕು ಗಟ್ಟಿ ಉಪಕರಣ ತರುವುದೋ ಎಂಬುದರಲ್ಲಿ ಮುಂದಿನ ಹತ್ತು ವರ್ಷದ ಸಂಪಾದನೆಯ ಲೆಕ್ಕ ಅಡಗಿದೆ.

ಎರಡನೆಯದು ಕಸುಬಿನ ಅಭಿಮಾನದ ಮಾತು: ಕೈ ಪಳಗಿದ್ದರೆ ಯಾವ ಉಳಿಯಾದರೂ ಆದೀತು, ಉಪಕರಣವನ್ನು ದೂರುವುದು ಕುಣಿಯಲಾರದವಳು ನೆಲ ಡೊಂಕು ಎಂದಂತೆ. ಗಾದೆ ಸರಿ, ಬಳಕೆ ತಪ್ಪು. ಪಳಗಿದ ಆಚಾರಿ ಮೆತ್ತಗಿನ ಉಳಿಯಿಂದಲೂ ಕೆಲಸ ತೆಗೆಯುತ್ತಾನೆ, ಏಕೆಂದರೆ ಹತ್ತು ನಿಮಿಷಕ್ಕೊಮ್ಮೆ ಮಸೆಯುವುದು ಅವನಿಗೆ ಗೊತ್ತು, ಎಲ್ಲಿ ಒತ್ತಿದರೆ ಅದು ಬಾಗುತ್ತದೆ ಎಂಬುದೂ ಗೊತ್ತು. ಹೊಸಬನಿಗೆ ಅದು ಗೊತ್ತಿಲ್ಲ. ಕೆಲಸ ಕೆಟ್ಟಾಗ ತಪ್ಪು ತನ್ನ ಕೈಯದೋ ಉಳಿಯದೋ ಎಂದು ತಿಳಿಯದೆ ಅವನು ಕಸುಬನ್ನೇ ಬಿಟ್ಟುಬಿಡಬಹುದು. ಹಾಗೆ ನೋಡಿದರೆ ನೆಲ ಸಮವಾಗಿರಬೇಕಾದ್ದು ಕುಣಿಯಲು ಕಲಿಯುತ್ತಿರುವವಳಿಗೇ.

ಮೂರನೆಯ ಆಕ್ಷೇಪಕ್ಕೆ ಮಾತ್ರ ನಾನು ಅರ್ಧ ಸೋಲೊಪ್ಪುತ್ತೇನೆ. ಮೊದಲು ಅಗ್ಗದ್ದನ್ನು ಕೊಳ್ಳಿ, ಅದು ಕೆಡುವಷ್ಟು ಬಳಸಿದರೆ ನಿಮಗೆ ಅದು ನಿಜವಾಗಿ ಬೇಕೆಂದರ್ಥ, ಆಗ ಒಳ್ಳೆಯದನ್ನು ತನ್ನಿ ಎಂಬ ಸೂತ್ರ ಕುಶಲಕರ್ಮಿಗಳಲ್ಲಿ ಪ್ರಚಲಿತವಿದೆ. ಅದು ಒಳ್ಳೆಯ ಸೂತ್ರ. ದುಬಾರಿ ಉಪಕರಣ ಕೊಂಡು ಅಟ್ಟದ ಮೇಲೆ ಧೂಳು ಹಿಡಿಸುವ ಚಪಲಕ್ಕೆ ಅದು ಕಡಿವಾಣ. ಮನೆಯ ನಲ್ಲಿ, ಬಾಗಿಲ ಚಿಲಕ, ಸೈಕಲ್ಲಿನ ಚೈನು ತಾನೇ ಸರಿಮಾಡಿಕೊಳ್ಳುವ ಧೈರ್ಯ ಎಷ್ಟೋ ಗೃಹಿಣಿಯರಿಗೆ, ವಿದ್ಯಾರ್ಥಿಗಳಿಗೆ ಬಂದದ್ದು ಐನೂರು ರೂಪಾಯಿಯ ಆ ಕಪ್ಪು ಡಬ್ಬಿಯಿಂದಲೇ, ಅದನ್ನು ಮರೆಯಬಾರದು. ಸೂತ್ರದ ಮಿತಿ ಎಂದರೆ ಅದು ಕೆಡುವುದನ್ನೇ ಪರೀಕ್ಷೆಯನ್ನಾಗಿ ಮಾಡುತ್ತದೆ. ಅಲನ್ ಕೀಲಿ ಕೆಡುವವರೆಗೆ ಕಾಯಬಹುದು. ಟೆಸ್ಟರ್, ಜ್ಯಾಕ್ ಸ್ಟ್ಯಾಂಡ್, ಗ್ರೈಂಡರ್ ಡಿಸ್ಕ್ ಕೆಡುವವರೆಗೆ ಕಾಯಲಾಗದು. ಇನ್ನು ಎಂದೋ ಒಮ್ಮೆ ಬೇಕಾಗುವ ದೊಡ್ಡ ಯಂತ್ರಗಳಿಗೆ ಅಗ್ಗವೂ ಬೇಡ, ದುಬಾರಿಯೂ ಬೇಡ, ಬಾಡಿಗೆ ಸಾಕು. ರೈತರಿಗೆ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ಪೇಟೆಯಲ್ಲಿ ಕಟ್ಟಡ ಕೆಲಸದ ಯಂತ್ರ ಬಾಡಿಗೆಗೆ ಕೊಡುವವರಿದ್ದಾರೆ. ಕೈ ಉಪಕರಣಗಳಿಗೆ ಹಳೆಯ ಮಾಲೂ ಒಂದು ದಾರಿ. ಬೆಂಗಳೂರಿನ ಚಿಕ್ಕಪೇಟೆ ಬಳಿಯ ಭಾನುವಾರದ ಸಂತೆಯಲ್ಲಿ ತುಕ್ಕು ಹಿಡಿದು ಕೂತ ಹಳೆಯ ಸ್ಪ್ಯಾನರ್ ಒಮ್ಮೊಮ್ಮೆ ಹೊಸ ಹೊಳಪಿನದಕ್ಕಿಂತ ಹೆಚ್ಚು ಬಾಳುತ್ತದೆ. ಅಷ್ಟು ವರ್ಷ ದುಡಿದೂ ಬಾಯಿ ಅಗಲಿಸದ್ದೇ ಅದಕ್ಕೆ ಸಿಕ್ಕ ಸರ್ಟಿಫಿಕೇಟು.

ರಿಯಾಯಿತಿಯ ಅಂಕಿಗೆ ಮರುಳಾಗಬಾರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಾರ್ಡ್‌ವೇರ್ ವ್ಯಾಪಾರದಲ್ಲಿ ಎಂಆರ್‌ಪಿ ಎಂಬುದು ಗಿರಾಕಿ ಕೊಡುವ ಬೆಲೆಗಿಂತ ಬಹಳ ಮೇಲಿರುವುದು ಮಾಮೂಲು, ಹಾಗಾಗಿ ಶೇ. 70 ಕಡಿತ ಎಂದರೆ ಕಡಿತವೇ ಎನ್ನಲಾಗದು. ನೋಡಬೇಕಾದ್ದು ಪೊಟ್ಟಣದ ಸಣ್ಣ ಅಕ್ಷರಗಳನ್ನು. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ, ದೂರು ಹೇಳಿಕೊಳ್ಳುವ ಸಂಪರ್ಕ ಅದರ ಮೇಲೆ ಇರಲೇಬೇಕು, ಆಮದಿನ ಮಾಲಾದರೆ ದೇಶದ ಹೆಸರೂ ಇರಬೇಕು. ವಿಳಾಸ ಹಾಕಲು ಹಿಂಜರಿಯುವವನ ಮಾಲನ್ನು ಕೊಳ್ಳಲು ನಾವೂ ಹಿಂಜರಿಯಬೇಕು. ಹೆಸರಾಂತ ಕಂಪನಿಗಳ ನಕಲಿ ಮಾಲೂ ಧಾರಾಳವಾಗಿ ಇರುವುದರಿಂದ ಹೆಚ್ಚು ದುಡ್ಡು ಕೊಟ್ಟ ಮಾತ್ರಕ್ಕೆ ಕ್ಷೇಮವಿಲ್ಲ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಬಿಲ್ಲಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನಿಮ್ಮ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಬಹುದು. ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಪ್ಲೈಯರನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ, ಕತ್ತರಿಸುವ ಅಂಚುಗಳ ನಡುವೆ ಬೆಳಕು ತೂರಬಾರದು. ಸ್ಕ್ರೂಡ್ರೈವರಿನ ತುದಿಯನ್ನು ಅಂಗಡಿಯ ತಿರುಪಿಗೇ ಇಟ್ಟು ನೋಡಿ, ಅಲುಗಾಡಬಾರದು. ಅಂಗಡಿಯವನು ಒಪ್ಪಿದರೆ ತುದಿಯ ಮೇಲೆ ಅರ ಒಮ್ಮೆ ಎಳೆಯಿರಿ: ಹದವಾದ ಉಕ್ಕಿನ ಮೇಲೆ ಅದು ಬಹುಮಟ್ಟಿಗೆ ಜಾರುತ್ತದೆ, ಮೆತ್ತಗಿನದನ್ನು ಸುಲಭವಾಗಿ ಕೆರೆದು ಪುಡಿ ಉದುರಿಸುತ್ತದೆ. ರಸಮಟ್ಟವನ್ನು ಒಂದು ಕಡೆ ಇಟ್ಟು ಗುಳ್ಳೆ ನೋಡಿ, ಅದೇ ಜಾಗದಲ್ಲಿ ತಿರುಗಿಸಿಟ್ಟು ಮತ್ತೆ ನೋಡಿ. ಗುಳ್ಳೆ ಎರಡು ಸಲವೂ ಒಂದೇ ಕಡೆ ನಿಲ್ಲಬೇಕು. ಮಷೀನು ಕೊಳ್ಳುವಾಗ ಅದರ ಬೆಲೆಗಿಂತ ಮೊದಲು ಅದರ ಕಾರ್ಬನ್ ಬ್ರಷ್ಷಿನ ಬೆಲೆ ಕೇಳಿ. ಅಂಗಡಿಯವನು ತಡವರಿಸಿದರೆ ಉತ್ತರ ಸಿಕ್ಕಂತೆಯೇ.

ಕೊನೆಗೆ, ಈಗಾಗಲೇ ಮನೆಯಲ್ಲಿ ಗ್ರೈಂಡರ್ ಇಟ್ಟುಕೊಂಡಿರುವವರಿಗೆ ಒಂದು ಮಾತು. ಕತ್ತರಿಸುವ ಡಿಸ್ಕಿನ ನಡುವೆ ಲೋಹದ ಪುಟ್ಟ ಬಳೆ ಇರುತ್ತದೆ, ಒಳ್ಳೆಯ ಡಿಸ್ಕಾದರೆ ಅದರ ಮೇಲೆ ಆಯುಸ್ಸು ಮುಗಿಯುವ ತಿಂಗಳು ಮತ್ತು ವರ್ಷ ಅಚ್ಚಾಗಿರುತ್ತದೆ. ಅಂಟಿನಿಂದ ಕಟ್ಟಿದ ಡಿಸ್ಕುಗಳಿಗೆ ತಯಾರಾದಾಗಿನಿಂದ ಮೂರು ವರ್ಷ ಆಯುಸ್ಸು. ಹೊಸದಾಗಿ ಕಂಡರೂ ಆ ತಾರೀಖು ದಾಟಿದ್ದನ್ನು, ತಾರೀಖೇ ಇಲ್ಲದ್ದನ್ನು ಮಷೀನಿಗೆ ಏರಿಸಬೇಡಿ. ಮೂಲೆಯಲ್ಲೆಲ್ಲೋ ಬಿದ್ದಿರುವ ಗಾರ್ಡನ್ನು ಹುಡುಕಿ ಇವತ್ತೇ ಸಿಕ್ಕಿಸಿ.